ಹಿಂದೆ ಏರುವ ಅಂಗಿ

ರೇವತಿ ಮೂರನೆಯ ಸಲ ಅದೇ ಯೂನಿಫಾರ್ಮ್ ಅಂಗಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಾಗ ಮುನಿಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದಾಳೆ. ಒಂದೇ ಅಂಗಿಯನ್ನು ಮೂರು ಸಲ ಯಾರೂ ವಾಪಸ್ ತಂದಿರಲಿಲ್ಲ.

“ನೋಡಿ ಆಂಟಿ, ಹಿಂದ್ಗಡೆ ಮತ್ತೆ ಮೇಲಕ್ಕೆ ಹೋಗುತ್ತೆ. ಸ್ಕರ್ಟಿಂದ ಆಚೆ ಬಂದ್ಬಿಡುತ್ತೆ. ಸ್ಕೂಲಲ್ಲಿ ಮಿಸ್ಸು ದಿನಾ ಬೈತಾರಂತೆ.”

“ಮೊದಲ್ನೇ ಸಲ ಕಾಲರ್ ಬಿಚ್ಚಿ ಹೊಲ್ದೆ. ಆಮೇಲೆ ತೋಳು ಬಿಚ್ಚಿ ಕೂರಿಸ್ದೆ. ಇನ್ನೇನ್ ಬಿಚ್ಲಮ್ಮ?”

ರೇವತಿಯ ಮಗಳು, ಒಂಬತ್ತನೇ ಕ್ಲಾಸಿನ ರಮ್ಯಶ್ರೀ, ಈ ಮಾತು ತನ್ನ ಬಗ್ಗೆ ಅಲ್ಲವೆಂಬಂತೆ ಸ್ಟೂಲಿನ ಮೇಲೆ ಕೂತು ಫೋನು ನೋಡುತ್ತಿದ್ದಳು. ಗದ್ದ ಎದೆಗೆ ಅಂಟಿತ್ತು. ಭುಜಗಳು ಮುಂದಕ್ಕೆ ಬಾಗಿ, ಕತ್ತಿನ ಬುಡದಲ್ಲಿ ಮೂಳೆ ಎದ್ದು ಕಾಣುತ್ತಿತ್ತು.

ಮುನಿಲಕ್ಷ್ಮಮ್ಮ ಆ ಬಾಗಿದ ಬೆನ್ನನ್ನು ನೋಡಿದಳು. ಅಳತೆ ತೆಗೆಯುವಾಗ ಇದೇ ಹುಡುಗಿ ನೆಟ್ಟಗೆ ನಿಂತಿದ್ದಳು. ಟೇಪು ತೆಗೆದ ಮರುಗಳಿಗೆ ಮತ್ತೆ ಬಗ್ಗಿದ್ದಳು. ನೆಟ್ಟಗೆ ನಿಂತ ಹುಡುಗಿಗೆ ಹೊಲಿದ ಅಂಗಿ ಬಗ್ಗಿದ ಹುಡುಗಿಗೆ ಹೇಗೆ ಕೂರುತ್ತದೆ?

“ಏಳು. ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋ. ಹಿಮ್ಮಡಿ ತಾಗ್ಲಿ. ಈಗ ತಲೆ ತಾಗ್ಸು.”

ತಲೆಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು. ಹುಡುಗಿ ನಕ್ಕಳು. ಗದ್ದ ಮೇಲೆತ್ತಿ ಪ್ರಯತ್ನಿಸಿದಳು. ನಗು ನಿಂತಿತು.

“ಆಗ್ತಿಲ್ಲ ಅಜ್ಜಿ. ನೋಯುತ್ತೆ.”

“ನಾಟಕ,” ಎಂದಳು ರೇವತಿ.

“ನಾಟಕ ಅಲ್ಲಮ್ಮ! ದೀಪಾವಳಿಯಿಂದ ನೋಯ್ತಿದೆ. ಬೆಳಿಗ್ಗೆ ಎದ್ರೆ ಬೆರಳೆಲ್ಲ ಜೋಮು ಹಿಡಿದಿರುತ್ತೆ. ಹೇಳಿದ್ರೆ ಫೋನ್ ಕಿತ್ಕೋತೀಯ ಅಂತ ಹೇಳ್ಲಿಲ್ಲ.”

ರೇವತಿ ಮಗಳ ಬೆರಳುಗಳನ್ನು ಹಿಡಿದು ನೋಡಿದಳು. ಆಮೇಲೆ, “ಹೋಮ್‌ವರ್ಕೂ ಅದರಲ್ಲೇ ಕಳಿಸ್ತಾರೆ ಆಂಟಿ, ನಾನೇನ್ ಮಾಡ್ಲಿ? ಹಿಂದೆ ಎರಡಿಂಚು ಉದ್ದ ಬಿಟ್ಟು ಹೊಲಿದ್ಬಿಡಿ,” ಎಂದಳು.

ಮುನಿಲಕ್ಷ್ಮಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. “ಇವತ್ತು ಎರಡಿಂಚು ಬಿಡ್ತೀನಿ, ಬರೋ ವರ್ಷ ನಾಲ್ಕಿಂಚಾ? ಹದಿನಾಲ್ಕು ವರ್ಷದ ಮಗೀಗೆ ಗೂನುಬೆನ್ನಿನ ಅಳತೆ ತಗೊಳ್ಳೋಕೆ ನನ್ ಕೈಲಾಗಲ್ಲ ರೇವತಿ. ಮೊದ್ಲು ಡಾಕ್ಟರ್ ಹತ್ರ ಕರ್ಕೊಂಡ್ ಹೋಗು.”

“ನೀವೂ ನಿಂತ್ಕೊಳ್ಳಿ ಅಜ್ಜಿ,” ಎಂದಳು ಹುಡುಗಿ, ಮೂಗು ಒರೆಸಿಕೊಳ್ಳುತ್ತ.

ಮುನಿಲಕ್ಷ್ಮಮ್ಮ ಗೋಡೆಗೆ ಒರಗಿ ನಿಂತಳು. ಅವಳ ತಲೆಯೂ ತಾಗಲಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು.

“ಮೂವತ್ತೊಂದು ವರ್ಷ ಮೆಷಿನ್ ಮೇಲೆ ಬಗ್ಗಿದೀನಿ ಕಣೇ. ನಾನು ಬಗ್ಗಿದ್ದಕ್ಕೆ ಅಂಗಿನಾದ್ರೂ ಆಯ್ತು. ನಿಂಗೇನ್ ಸಿಕ್ತು?”

ಹುಡುಗಿ ಫೋನನ್ನು ಬ್ಯಾಗಿಗೆ ಹಾಕಿದಳು.

ಶಾಲೆಗೆ ಅಂಗಿ ಬೇಕೇ ಬೇಕಿತ್ತು. ಮುನಿಲಕ್ಷ್ಮಮ್ಮ ಗೊಣಗುತ್ತಲೇ ಕೆಳಗಿನ ಮಡಿಕೆ ಬಿಚ್ಚಿ ಒಂದಿಂಚು ಬಿಟ್ಟುಕೊಟ್ಟಳು. ಅದಕ್ಕಿಂತ ಒಂದು ನೂಲೂ ಹೆಚ್ಚಿಲ್ಲ.

ರೇವತಿ ಮಗಳನ್ನು ಇಂದಿರಾನಗರದ ಡಾಕ್ಟರ ಬಳಿ ಕರೆದೊಯ್ದಳು. ಸದ್ಯ ಮೂಳೆಗೇನೂ ಆಗಿಲ್ಲ, ಸ್ನಾಯುಗಳು ಸೋತಿವೆ ಎಂದರಂತೆ. ದಿನಕ್ಕೆರಡು ಸಲ ಕತ್ತಿನ ವ್ಯಾಯಾಮ, ಫೋನು ಕಣ್ಣಿನ ಮಟ್ಟಕ್ಕೆ. ರಮ್ಯಶ್ರೀ ಹತ್ತು ದಿನ ಮಾಡಿದಳು, ಬಿಟ್ಟಳು. ಜೋಮು ಮತ್ತೆ ಬಂದಾಗ ಹೆದರಿ ಪುನಃ ಶುರುಮಾಡಿದಳು. ಅಡುಗೆಮನೆಯ ರಾಗಿ ಡಬ್ಬದ ಮೇಲೆ ಫೋನು ನಿಲ್ಲಿಸಿ ಹೋಮ್‌ವರ್ಕ್ ಬರೆಯುತ್ತಾಳೆಂದೂ, ರಾಗಿ ತೆಗೆಯಲು ಹೋದಾಗೆಲ್ಲ ಜಗಳವೆಂದೂ ರೇವತಿ ದಾರಿಯಲ್ಲಿ ಸಿಕ್ಕಾಗ ಗೋಳು ಹೇಳಿಕೊಂಡಳು.

ಗೌರಿ ಹಬ್ಬಕ್ಕೆ ಲಂಗ ಹೊಲಿಸಲು ಇಬ್ಬರೂ ಬಂದರು.

“ಜೋಮು ಹೋಗಿದೆ ಅಜ್ಜಿ. ನೋವು ಅರ್ಧ ಕಮ್ಮಿ.”

“ಅರ್ಧ ಯಾಕೆ? ಅರ್ಧ ವ್ಯಾಯಾಮ ಮಾಡಿರ್ತೀಯ!” ಎಂದು ಗದರಿಸಿ, ಮುನಿಲಕ್ಷ್ಮಮ್ಮ ಮುಖ ತಿರುಗಿಸಿಕೊಂಡು ಲಂಗದ ಬಟ್ಟೆ ಬಿಡಿಸಿದಳು. ಮನಸ್ಸು ಮಾತ್ರ ತುಸು ಹಗುರಾಗಿತ್ತು.