ಮೂರನೆಯ ತಿರುಪು

"ಅಮ್ಮಣ್ಣಿ ಮನೆ ಹಿಂದಾ? ಎಷ್ಟ್ ಜನ ಇದ್ರ್? ಹ್ವಾಯ್, ಜೋರ್ ಹೇಳ್, ಕೇಂತಿಲ್ಲ."

ಗುಣಪಾಲರ ದನಿ ಚಪ್ಪರದ ಸ್ಪೀಕರುಗಳಿಂದೆಲ್ಲ ಒಟ್ಟಿಗೇ ಬಂತು. ಗುಣಪಾಲರು ಮಾತ್ರ ಚಪ್ಪರದಲ್ಲಿ ಇರಲಿಲ್ಲ. ಅವರ ಮಗಳು ಮೋಕ್ಷಿತಾಳ ಮೆಹಂದಿ. ಅಂಗಳದಲ್ಲಿ ಹಾಡಿನ ತಂಡದ ಹುಡುಗರು ವಯರು ಜೋಡಿಸಿ ಸ್ವರ ನೋಡುತ್ತಿದ್ದ ಆ ಇಳಿಹೊತ್ತಿನಲ್ಲಿ ಗುಣಪಾಲರು ತಾರಸಿಯ ಕೋಣೆಯ ಬಾಗಿಲು ಹಾಕಿಕೊಂಡು, ಕಡಲಿನಲ್ಲಿದ್ದ ತಮ್ಮ ಬೋಟಿನ ಜೊತೆ ವಯರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದರು. ಮಗಳ ಮದುವೆ ಎಂದು ಮೀನು ಕಾಯುತ್ತದೆಯೇ?

ನೆಂಟರೆಲ್ಲ ಗೊಳ್ಳೆಂದು ನಕ್ಕರು. ಅಮ್ಮಣ್ಣಿ ಯಾರು ಎಂಬ ಪ್ರಶ್ನೆ ಹೆಂಗಸರ ಸಾಲಿನಲ್ಲಿ ಆಗಲೇ ಒಂದು ಸುತ್ತು ಬಂದಾಗಿತ್ತು. ಗುಣಪಾಲರ ಹೆಂಡತಿ ಸುಗುಣ, ಮೆಹಂದಿ ಕೋನುಗಳ ತಟ್ಟೆ ಹಿಡಿದವರು, ಹಾಗೇ ನಿಂತು ತಾರಸಿಯ ಕಡೆ ಕತ್ತೆತ್ತಿದರು. ಆ ನೋಟದಲ್ಲಿ ಮದುವೆಮನೆಯ ಸಂಭ್ರಮವೇನೂ ಇರಲಿಲ್ಲ. ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಪಕ್ಕದ ಮನೆಯ ರತನ್ ಗಡಬಡಿಸಿ ಕಾಲಬುಡದ ಪೆಡಲನ್ನು ಒತ್ತಿ ಆರಿಸಿದ. ದನಿ ತಟ್ಟನೆ ನಿಂತಿತು.

ಗುಣಪಾಲರು ಇಳಿದು ಬಂದರು. ಅಮ್ಮಣ್ಣಿ ಬೈಂದೂರಿನ ಕಡೆಯ ದೂರದ ಸಂಬಂಧ, ಮದುವೆಗೆ ಹೇಳುವುದು ಬಿಟ್ಟುಹೋಗಿತ್ತು ಎಂದು ಬಾಯಿಗೆ ಬಂದದ್ದು ಹೇಳಿ ತಾವೂ ನಕ್ಕರು. ಕಣ್ಣು ನಗಲಿಲ್ಲ. ಅದು ಸ್ಪೀಕರಿನಿಂದ ವಯರಿನುದ್ದಕ್ಕೂ ಬಂದು ರತನನ ಕಾಲಬುಡದ ಹಸಿರು ಡಬ್ಬಿಯ ಮೇಲೆ ನಿಂತಿತು. ನಗದ ಇನ್ನೊಬ್ಬನೆಂದರೆ ಚಪ್ಪರದ ಮೂಲೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಬಚ್ಚ. ಅವನು ಕತ್ತಿ ಕೆಳಗಿಟ್ಟು ಎದ್ದು ನಿಂತಿದ್ದ.

"ಮದಿ ಮುಗೀಲಿ," ಎಂದರು ಗುಣಪಾಲರು, ರತನನ ಹತ್ತಿರ ಬಂದು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಮತ್ತೆ ಮಾತಾಡ್ವ."

ಅಮ್ಮಣ್ಣಿ ಎಂಬ ಹೆಂಗಸು ಎಲ್ಲಿಯೂ ಇಲ್ಲ. ಬೈಂದೂರಿನ ನೇರಕ್ಕೆ ಕಡಲಿನಲ್ಲಿ ಒಂದು ಕಲ್ಲುಹಾಸು ಇದೆ. ಮೀನು ಬಂದು ಸೇರುವ ಜಾಗ. ಗುಣಪಾಲರ ಬೋಟಿನವರು ಅದಕ್ಕೆ ಇಟ್ಟ ಗುಟ್ಟಿನ ಹೆಸರು ಅಮ್ಮಣ್ಣಿ ಮನೆ. ಜನ ಎಂದರೆ ಮೀನು. ಗಂಗೊಳ್ಳಿ ಬಂದರಿನಲ್ಲಿ ಪ್ರತಿ ಬೋಟಿಗೂ ಇಂಥದೊಂದು ಭಾಷೆ ಇರುತ್ತದೆ. ಮೀನು ಎಲ್ಲಿದೆ ಎಂಬುದನ್ನು ಹೆಂಡತಿಗೂ ಹೇಳುವ ಪದ್ಧತಿ ಅಲ್ಲಿಲ್ಲ. ಆದರೆ ಈ ಸಲ ಏನೋ ಕೆಟ್ಟಿತ್ತು. ಸಂಜೆ ಗುಣಪಾಲರ ಬೋಟು ಎಲ್ಲಿ ಮೀನು ಕಂಡು ನಾಳೆ ಬರೋಣ ಎಂದುಕೊಂಡಿತೋ, ಬೆಳಗಾಗುವಷ್ಟರಲ್ಲಿ ಅಲ್ಲಿ ಯಾರೋ ಬಲೆ ಹಾಕಿ ಬಳಿದುಕೊಂಡು ಹೋಗಿರುತ್ತಿದ್ದರು. ಗುಣಪಾಲರು ವಯರ್‌ಲೆಸ್ಸಿನ ಚಾನೆಲ್ ಬದಲಿಸಿದರು, ಮತ್ತೆ ಬದಲಿಸಿದರು, ಕೊನೆಗೆ ಯಂತ್ರವನ್ನೇ ಬದಲಿಸಿದರು. ಆಮೇಲೆ ಸಂಶಯ ಮನುಷ್ಯರ ಕಡೆ ತಿರುಗಿತು.

ಸಂಶಯಕ್ಕೆ ಒಂದು ತಲೆ ಬೇಕು. ಬಚ್ಚನ ಅಕ್ಕನ ಮಗ ಬೇರೆ ಬೋಟಿನಲ್ಲಿದ್ದ, ಅಷ್ಟು ಸಾಕಾಯಿತು. ಬೋಟು ನೀರಿಗಿಳಿದ ದಿನದಿಂದ ಅದರಲ್ಲಿದ್ದವನನ್ನು ಗುಣಪಾಲರು ಇಳಿಸಿಬಿಟ್ಟರು. ಬಾಯಿ ಸಡಿಲ ಎಂದು ಇಳಿಸಿದವನನ್ನು ಇನ್ನೊಂದು ಬೋಟಿನವರು ಹತ್ತಿಸಿಕೊಳ್ಳುವುದಿಲ್ಲ. ಬಚ್ಚ ದೇವರ ಮುಂದೆ ಕಾಯಿ ಇಟ್ಟು ಆಣೆ ಮಾಡಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೂ ಅವನು ಮದುವೆ ಕೆಲಸಕ್ಕೆ ಬಂದಿದ್ದ. ಮುನಿಸು ಬೇರೆ, ನೆರೆಮನೆಯ ಮದುವೆ ಬೇರೆ.

ಇನ್ನು ಆ ಡಬ್ಬಿಯ ವಿಷಯ. ಅದು ಮೊದಲು ಯಾವುದೋ ಮಗುವಿನ ಬುತ್ತಿಡಬ್ಬಿಯಾಗಿತ್ತು. ಮುಚ್ಚಳದ ಮೇಲೆ ಅರ್ಧ ಅಳಿಸಿಹೋದ ಮೊಲದ ಚಿತ್ರ ಈಗಲೂ ಇದೆ. ಬ್ರಹ್ಮಾವರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ನಾಗ, ಅಂಗಡಿ ಮುಚ್ಚುವ ಮೊದಲು, ಗುಜರಿಗೆ ಬಂದ ವಯರ್‌ಲೆಸ್ಸಿನ ಭಾಗಗಳನ್ನು ಇದರೊಳಗೆ ತುಂಬಿ ಪೆಡಲ್ ಮಾಡಿಕೊಟ್ಟಿದ್ದ. ಒತ್ತಿದರೆ ಗಿಟಾರಿನ ಸ್ವರ ಒಡೆಯುತ್ತದೆ. ಒಡೆದು, ಗಂಟಲು ಕಟ್ಟಿದವನು ಹಾಡಿದ ಹಾಗೆ ಬಂದು, ಬೆರಳು ತೆಗೆದ ಮೇಲೂ ಒಗ್ಗರಣೆಯ ಸಾಸಿವೆಯಂತೆ ಚಟಚಟ ಎನ್ನುತ್ತ ಉಳಿಯುತ್ತದೆ. ಮೂರು ತಿರುಪುಗಳಿವೆ. ಮೂರನೆಯದು ಏನೂ ಮಾಡುವುದಿಲ್ಲ. ಅದಕ್ಕೆ ಒಳಗೆ ವಯರನ್ನೇ ಕೊಟ್ಟಿಲ್ಲ ಎಂದು ನಾಗನೇ ಹೇಳಿದ್ದ. ಆದರೂ ರತನ್ ಪ್ರತಿ ಹಾಡಿಗೆ ಮುಂಚೆ ಅದನ್ನು ಒಂಚೂರು ತಿರುಗಿಸದೆ ಇರುತ್ತಿರಲಿಲ್ಲ.

ತಂಡದ ಕೀಬೋರ್ಡಿನ ಸುಜಿತ್ ಇಂಥ ಸ್ವರಗಳೆಲ್ಲ ಈಗ ಮೊಬೈಲಿನಲ್ಲೇ ಬರುತ್ತವೆ ಎಂದು ಹೇಳಿ ಹೇಳಿ ಸೋತಿದ್ದ. ಹಿಂದೆ ಕೆಲವು ಮದುವೆಮನೆಯವರು ಆ ಕೆಟ್ಟ ಸದ್ದು ನಿಲ್ಲಿಸಿ ಎಂದು ಚೀಟಿ ಕಳಿಸಿದ್ದೂ ಉಂಟು. ಹೆತ್ತವರಿಗೆ ಹೆಗ್ಗಣ ಮುದ್ದು; ರತನನಿಗೆ ಆ ಡಬ್ಬಿ ಮುದ್ದು. ಗುಣಪಾಲರ ತಾರಸಿಯ ವಯರ್‌ಲೆಸ್ ಕಂಬ ಹತ್ತಿರವೇ ಇದ್ದದ್ದರಿಂದ ಸಂಜೆ ಮನೆಯಲ್ಲಿ ನುಡಿಸುವಾಗ ಅವರ ಮಾತು ಅದರೊಳಗೆ ನುಗ್ಗುತ್ತಿತ್ತು. ಯಾವ ಚಾನೆಲ್ಲಾದರೂ ಡಬ್ಬಿಗೆ ಒಂದೇ. ಬೋಟಿನವರ ದನಿ ಕೇಳುತ್ತಿರಲಿಲ್ಲ, ಗುಣಪಾಲರದ್ದು ಮಾತ್ರ. ಆದರೆ ಅವರಿಗೆ ಅತ್ತಲಿಂದ ಹೇಳಿದ್ದನ್ನೆಲ್ಲ ದೊಡ್ಡದಾಗಿ ಇನ್ನೊಮ್ಮೆ ಹೇಳುವ ಅಭ್ಯಾಸ. ಒಳಗೆ ತಗಡು ಹೊದಿಸಿದರೆ ಮಾತು ನಿಲ್ಲುತ್ತದೆ, ಸ್ವರವೂ ಎಲ್ಲ ಪೆಡಲಿನಂತೆ ಆಗುತ್ತದೆ ಎಂದಿದ್ದ ನಾಗ. ರತನ್ ಹೊದಿಸಲಿಲ್ಲ. ಗುಣಪಾಲಣ್ಣನಿಗೆ ನೆಂಟರ ಮೇಲೆ ಎಷ್ಟು ಕಾಳಜಿ, ದಿನಾ ಅಮ್ಮಣ್ಣಿಯನ್ನು ವಿಚಾರಿಸುತ್ತಾರೆ ಎಂದು ಅವನು ತಾಯಿ ಜಲಜಳ ಹತ್ತಿರ ಹೇಳಿ ನಕ್ಕದ್ದೂ ಇತ್ತು. ಕಡಲಿಗೆ ಹೋಗದವನಿಗೆ ಕಡಲಿನ ಭಾಷೆ ಏನು ಗೊತ್ತು?

ಮದುವೆ ನಡೆಯಿತು. ಸೇಸೆ ಹಾಕುವಾಗಲೂ ಬಡಿಸುವಾಗಲೂ ಗುಣಪಾಲರು ಒಂದು ಮಾತೂ ಎತ್ತಲಿಲ್ಲ; ಅದೇ ರತನನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಮರುದಿನ ತ್ರಾಸಿಯ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ ಬೋಟಿನವರು ಅವನು ಒಳಗೆ ಬಂದೊಡನೆ ಮಾತು ನಿಲ್ಲಿಸಿದರು. ನಿಲ್ಲಿಸಿದರೋ, ಅಥವಾ ಮಾತು ತಾನಾಗಿ ಮುಗಿಯಿತೋ? ಅವನಿಗೆ ತಿಳಿಯಲಿಲ್ಲ. ಅಲ್ಲಿಂದ ಬರುವಾಗ ತಲೆಯಲ್ಲಿ ಬೇರೊಂದು ಹುಳ ಹೊಕ್ಕಿತ್ತು: ಗುಣಪಾಲರ ಗುಟ್ಟು ಸೋರಿದ್ದು ಈ ಡಬ್ಬಿಯಿಂದಲೇ ಆದರೆ, ಅದನ್ನು ತನ್ನ ಜೊತೆ ಕೂತು ಕೇಳಿದವನು ಇನ್ನೊಬ್ಬನಿದ್ದನಲ್ಲ.

ಅಣ್ಣ ಜಿತೇಂದ್ರ ಮೊದಲು ಗುಣಪಾಲರ ಬೋಟಿನಲ್ಲೇ ಇದ್ದವನು. ಜಗಳ ಮಾಡಿಕೊಂಡು ಬಿಟ್ಟು, ಈಗ ಇನ್ನೊಂದು ಬೋಟಿನಲ್ಲಿ ಪಾಲು ಹಾಕಿ, ದಡದಲ್ಲೇ ಇದ್ದು ಅದರ ವ್ಯವಹಾರ ನೋಡಿಕೊಳ್ಳುತ್ತಿದ್ದ. ಮರವಂತೆಯಲ್ಲಿ ಹೆಂಡತಿಯ ಮನೆಯಲ್ಲಿ ವಾಸ. ತಮ್ಮನ ಗಿಟಾರ್ ಎಂದರೆ ಅವನಿಗೆ ಅಲರ್ಜಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಎಷ್ಟೋ ವರ್ಷ ಹಂಗಿಸಿದ್ದ. ಅಂಥವನು ಈ ಸಲದ ಮೀನುಗಾರಿಕೆ ಶುರುವಾದ ಮೇಲೆ ಒಂದು ಸಂಜೆ ಬಂದು ಜಗಲಿಯಲ್ಲಿ ಕೂತು ಕೇಳಿದ. ಮತ್ತೆ ಬಂದ. ಆಮೇಲೆ ದಿನವೂ ಬಂದ. ಬಂದರೆ ಒಂದೇ ಮಾತು, ಆ ಡಬ್ಬಿ ಹಾಕು. ಲೋಕದಲ್ಲಿ ಯಾರಿಗೂ ಬೇಡವಾದ ಆ ಸ್ವರವನ್ನು ಅಣ್ಣ ಕಣ್ಣುಮುಚ್ಚಿ ಕೇಳುತ್ತಿದ್ದ. ಮಧ್ಯೆ ಗುಣಪಾಲರ ಮಾತು ನುಗ್ಗಿದಾಗ ರತನ್ ನಾಚಿಕೊಂಡು ನಿಲ್ಲಿಸಹೋದರೆ, ಇರಲಿ ಬಿಡು ಎನ್ನುತ್ತಿದ್ದ. ರತನನಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಅಣ್ಣನಿಗೆಂದೇ ಅವನು ಒಂದು ಹೊಸ ರಾಗ ಕಟ್ಟಿದ್ದ. ಮಕ್ಕಳಿಬ್ಬರೂ ಒಟ್ಟಿಗೆ ಕೂತರು ಎಂದು ಜಲಜ ಚಾಕ್ಕೆ ಏಲಕ್ಕಿ ಹಾಕಲು ಶುರುಮಾಡಿದ್ದಳು.

ಈಗ ಆ ಸಂಜೆಗಳನ್ನೆಲ್ಲ ರತನ್ ಒಂದೊಂದಾಗಿ ತಿರುಗಿಸಿ ನೋಡಿದ. ಅಣ್ಣ ಎಂದಾದರೂ ತಲೆಯಾಡಿಸಿದ್ದನೇ? ಯಾವುದಾದರೂ ಹಾಡನ್ನು ಇನ್ನೊಮ್ಮೆ ನುಡಿಸು ಎಂದಿದ್ದನೇ? ಹೌದು ಎನ್ನಲು ಒಂದು ನೆನಪೂ ಸಿಗಲಿಲ್ಲ. ಸ್ವಂತ ಅಣ್ಣನನ್ನು ಹೀಗೆ ಅನುಮಾನಿಸುತ್ತೇನಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಅದೇ ಮಧ್ಯಾಹ್ನ ಗುಣಪಾಲರು ಅವನನ್ನು ತಮ್ಮ ಬಾವಿಕಟ್ಟೆಯ ಹತ್ತಿರ ಕರೆಸಿಕೊಂಡರು. ಬಿಚ್ಚಿದ ಚಪ್ಪರದ ಬಿದಿರು ಗಳಗಳನ್ನು ಬಚ್ಚ ಅವರ ಬೆನ್ನ ಹಿಂದೆ ಒಟ್ಟುಹಾಕುತ್ತಿದ್ದ. ಡಬ್ಬಿಯಲ್ಲಿ ಮಾತು ಕೇಳುವುದನ್ನು ರತನ್ ಮುಚ್ಚಿಡಲಿಲ್ಲ. ಅಮ್ಮಣ್ಣಿ ಎಂದರೆ ಏನೆಂದು ಅವನಿಗೆ ಸರಿಯಾಗಿ ತಿಳಿದದ್ದೂ ಆಗಲೇ.

"ನಿನ್ ಒಟ್ಟಿಗೆ ಯಾರ್ ಕೇಂತ್ರ್?"

ರತನ್ ಬಾವಿಯ ರಾಟೆಯನ್ನು ನೋಡುತ್ತ, "ನಾನೊಬ್ನೇ," ಎಂದ.

ಗುಣಪಾಲರು ಅವನ ಮುಖ ನೋಡಿದರು. ನಂಬಿದ ನೋಟವಲ್ಲ ಅದು. ಮತ್ತೆ ನಿಧಾನವಾಗಿ ಹೇಳಿದರು. ಈ ಸಂಜೆ ತಾವು ಮಾಮೂಲಿನಂತೆ ಮಾತಾಡುತ್ತಾರೆ. ಅಮ್ಮಣ್ಣಿ ಮನೆ ಎನ್ನುತ್ತಾರೆ. ಅಲ್ಲಿ ಮೀನು ಇರುವುದಿಲ್ಲ. ತಮ್ಮ ಬೋಟು ದೀಪ ಆರಿಸಿ ಅಲ್ಲೇ ಪಕ್ಕದಲ್ಲಿ ಕಾಯುತ್ತದೆ.

"ಬೋಟ್ ಬಂದ್ರೆ ಅದ್ ಯಾರ್ದ್ ಅಂದೇಳಿ ಗೊತ್ತಾತ್ತ್. ಬರ್ದಿದ್ರೆ, ಇದ್ ಗೊತ್ತಿದ್ದದ್ ನಿಂಗೊಬ್ಬಂಗೇ. ನೀನೇ ಹೇಳಿ ತಪ್ಸಿದೆ ಅಂದ್ ನಾ ತಿಳ್ಕಂತೆ. ಡಬ್ಬಿ ದಿನಾ ಹಾಕ್ದಂಗೇ ಹಾಕ್."

ಬಚ್ಚ ಗಳದ ಒಂದು ತುದಿ ಹಿಡಿದವನು ಹಾಗೇ ನಿಂತಿದ್ದ. ಗುಣಪಾಲರು ಒಳಗೆ ಹೋದ ಮೇಲೆ ಹತ್ತಿರ ಬಂದ. ಅವನು ಬಯ್ಯುತ್ತಾನೆ ಎಂದುಕೊಂಡಿದ್ದ ರತನ್. ಬಚ್ಚ ಬಯ್ಯಲಿಲ್ಲ.

"ನಾ ಕಾಯಿ ಇಟ್ ಹೇಳ್ರೂ ಯಾರೂ ನಂಬ್ಲಿಲ್ಲ ಮಗಾ," ಎಂದ. "ನಿನ್ ಡಬ್ಬಿ ಹೇಳ್ರೆ ನಂಬ್ತ್ರೋ ಏನೋ."

ಹೊತ್ತು ಇಳಿಯುವಾಗ ಅಣ್ಣನ ಬೈಕು ಬಂತು. ಮೆಹಂದಿಯ ದಿನ ಜಿತೇಂದ್ರ ಮಲ್ಪೆಗೆ ಹೋಗಿದ್ದ. ಗುಣಪಾಲರ ಮನೆಯ ಮದುವೆಗೆ ಅವನಿಗೆ ಹೇಳಿಕೆಯೂ ಇರಲಿಲ್ಲ. ಸ್ಪೀಕರಿನ ಸುದ್ದಿ ಅವನಿಗೆ ಮುಟ್ಟಿದಂತೆ ಕಾಣಲಿಲ್ಲ. ಕೆಂಪು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತ. ಜಲಜ ಚಾ ತಂದಿಟ್ಟು, ಮದುವೆಯಲ್ಲಿ ಸಿಕ್ಕಿದ ಲಾಡನ್ನು ದೊಡ್ಡ ಮಗನ ಕೈಗೆ ಕೊಟ್ಟು ಒಳಗೆ ಹೋದಳು.

ರತನ್ ಡಬ್ಬಿಯನ್ನು ಜೋಡಿಸಿ ಕಾಲಬುಡದಲ್ಲಿಟ್ಟ. ಒತ್ತಲಿಲ್ಲ.

"ಇವತ್ ಡಬ್ಬಿ ಬ್ಯಾಡ ಅಣ್ಣ. ಹಾಂಗೇ ಕೇಣ್," ಎಂದ.

ಅಣ್ಣನಿಗೆಂದು ಕಟ್ಟಿದ್ದ ರಾಗವನ್ನು ನುಡಿಸಿದ. ತಂಡದ ಜೊತೆಯಲ್ಲೂ ಅವನು ಅಷ್ಟು ಮನಸ್ಸಿಟ್ಟು ನುಡಿಸಿದವನಲ್ಲ. ಒಂದು ಸಲ ತೊಡೆಯ ಮೇಲೆ ತಾಳ ಹಾಕು ಮಾರಾಯ, ಒಂದೇ ಸಲ, ನಾನು ಈ ಡಬ್ಬಿಯನ್ನು ಬಾವಿಗೆ ಎಸೆದು ಎಲ್ಲ ತಪ್ಪೂ ನನ್ನದೇ ಎನ್ನುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡ. ಬಚ್ಚನ ನೆನಪು ಬಂತು. ಆದರೂ ಬೇಡಿಕೊಂಡ. ಜಿತೇಂದ್ರ ಲಾಡು ತಿಂದು ಕೈ ಒರೆಸಿಕೊಂಡ. ಹಾಡು ಅರ್ಧಕ್ಕೆ ಬರುವಾಗ ಗುಣಪಾಲರ ತಾರಸಿಯ ಕೋಣೆಯಲ್ಲಿ ದೀಪ ಹೊತ್ತಿತು. ಜಿತೇಂದ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ಹ್ವಾಯ್, ಡಬ್ಬಿ ಒತ್ತ್ ಮಾರಾಯ. ಹೊತ್ತಾಯ್ತ್."

ರತನನ ಬೆರಳು ತಂತಿಯ ಮೇಲೆ ನಿಂತಿತು. "ಎಂತದ್ ಹೊತ್ತ್ ಅಣ್ಣ?"

"ಎಂತ ಇಲ್ಲ. ಆ ಸ್ವರ ಇಲ್ದಿದ್ರೆ ನಂಗೆ ಸಮ ಆತಿಲ್ಲ."

ಇನ್ನೂ ಹೇಳಬಹುದಿತ್ತು. ಇವತ್ತು ಬೋಟು ಕಳಿಸಬೇಡ ಎಂಬ ಒಂದು ಮಾತು ಸಾಕಿತ್ತು. ಬೇಲಿಯ ಆಚೆ ಬಚ್ಚ ಕೊನೆಯ ಗಳವನ್ನು ಒರಗಿಸಿಟ್ಟು, ಹೆಗಲ ಟವಲಿನಿಂದ ಮುಖ ಒರೆಸಿಕೊಳ್ಳುತ್ತ, ಈ ಕಡೆ ನೋಡದೆ ಮನೆಯ ದಾರಿ ಹಿಡಿದಿದ್ದ. ರತನ್ ಕಾಲೆತ್ತಿದ. ಮೊಲದ ಮೇಲೆ ಇಟ್ಟು ಒತ್ತಿದ.

ಡಬ್ಬಿ ಚಟಚಟ ಎಂದಿತು. ಆಮೇಲೆ ಗುಣಪಾಲರ ದನಿ ಬಂತು, ಯಕ್ಷಗಾನದಲ್ಲಿ ಅರ್ಥ ಹೇಳುವವರ ಹಾಗೆ ಬಿಡಿಸಿ ಬಿಡಿಸಿ.

"ಅಮ್ಮಣ್ಣಿ ಮನೆ ಹಿಂದಾ? ಜನ ತುಂಬ ಇದ್ರಾ? ಆಯ್ತ್. ಬೆಳಿಗ್ಗೆ ಹೋಪ."

ಚಾದ ಲೋಟ ಜಿತೇಂದ್ರನ ಬಾಯಿಯ ಹತ್ತಿರ ನಿಂತಿತ್ತು. ಅವನು ಅದನ್ನು ಕೆಳಗಿಟ್ಟು ಎದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತ, ತಮ್ಮನ ಬೆನ್ನು ತಟ್ಟಿದ.

"ಕಂಡ್ಯಾ, ಡಬ್ಬಿ ಹಾಕ್ರೆ ಎಷ್ಟ್ ಲಾಯ್ಕ್ ಆತ್ತ್," ಎಂದ.

ಡಬ್ಬಿ ಒತ್ತಿದ ಮೇಲೆ ರತನ್ ಒಂದು ತಂತಿಯನ್ನೂ ಮುಟ್ಟಿರಲಿಲ್ಲ.

ಗೇಟಿನ ಹತ್ತಿರ ಅಣ್ಣ ಫೋನು ಕಿವಿಗಿಟ್ಟುಕೊಂಡು ಬೈಕು ಹತ್ತುವುದು ಕಂಡಿತು. ಚಾ ಅರ್ಧವೂ ಕುಡಿಯಲಿಲ್ಲವಲ್ಲ, ಇಷ್ಟು ಬೇಗ ಹೋದನೇ ಎಂದು ಒಳಗಿನಿಂದ ಜಲಜ ಕೇಳಿದಳು. ರತನ್ ಬಗ್ಗಿ, ಡಬ್ಬಿಯ ಮೂರನೆಯ ತಿರುಪನ್ನು ಒಂಚೂರು ತಿರುಗಿಸಿದ. ಆಮೇಲೆ ರಾಗವನ್ನು ಬಿಟ್ಟಲ್ಲಿಂದ ಎತ್ತಿಕೊಂಡ.