ಮದ್ದು ಸೊಪ್ಪಿನ ಬಣ್ಣ

ಮಾದಾಪುರದ ನಂಜಪ್ಪನವರು ಹುಟ್ಟಿದಾರಭ್ಯ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಕೊಡಗಿನಲ್ಲಿದ್ದುಕೊಂಡು, ಅದೂ ಕಾಫಿ ಮೆಣಸಿನ ವ್ಯಾಪಾರ ಮಾಡಿಕೊಂಡು, ಹೋದಲ್ಲೆಲ್ಲ ಲೋಟ ಕೈಗಿಡುವ ಜನರ ನಡುವೆ ಅದೇನು ಸಾಮಾನ್ಯ ವ್ರತವಲ್ಲ. ಹಣೆಗೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಲಿಂಗ. ಚಟವೆಂದರೆ ಒಂದೇ, ಬೆಲ್ಲದ ಕಾಫಿ. ಸಕ್ಕರೆ ಕಾಯಿಲೆ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಇಂಥವರ ಹೊಟ್ಟೆ ಸ್ಕ್ಯಾನ್ ಮಾಡಿದ ಡಾಕ್ಟರು, ಲಿವರಿನಲ್ಲಿ ಕೊಬ್ಬು ತುಂಬಿ ಅದು ಗಟ್ಟಿಯಾಗತೊಡಗಿದೆ ಎಂದಾಗ ಅವರಿಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು. ಲಿವರ್ ಕೆಟ್ಟಿತೆಂದರೆ ನಮ್ಮ ಕಡೆ ಕುಡುಕನೆಂದೇ ಲೆಕ್ಕ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನನ್ನೇ ಬಿಡದ ಊರು, ಲಿವರ್ ಕೆಟ್ಟವನನ್ನು ಬಿಟ್ಟೀತೆ?

ಊರಿನ ಬಾಯಿಗೆ ಹೆದರಿ ಅವರು ಈ ಸುದ್ದಿಯನ್ನು ಹೆಂಡತಿ ಕಾಂತಮ್ಮ ಮತ್ತು ಮಗ ಕೀರ್ತಿಕುಮಾರನ ಆಚೆಗೆ ಹೇಳಿದ್ದು ಭವ್ಯಶ್ರೀಗೆ ಮಾತ್ರ. ಭವ್ಯಶ್ರೀ ಪಕ್ಕದ ಮನೆಯಲ್ಲಿ ಬೆಳೆದವಳು. ರಕ್ತಸಂಬಂಧ ಏನೂ ಇಲ್ಲ, ಆದರೆ ಮಾತು ಕಲಿತಾಗಿನಿಂದ ಮಾವ, ಅತ್ತೆ ಎಂದೇ ಕರೆದವಳು. ನರ್ಸಿಂಗ್ ಓದಿ ಈಗ ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್ ನಾಣಯ್ಯನವರ ಕೈಕೆಳಗೆ ಕೆಲಸಕ್ಕಿದ್ದಳು. ಲಿವರಿನ ಕೊಬ್ಬು ಕರಗಿಸುವ ಹೊಸ ಮಾತ್ರೆಯೊಂದನ್ನು ಜನರ ಮೇಲೆ ಪರೀಕ್ಷಿಸುವ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಸೇರಿದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದರ್ಧಕ್ಕೆ ನೋಡಲು ಹಾಗೇ ಇರುವ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಜನರನ್ನು ಒಪ್ಪಿಸುವುದು, ತಿಂಗಳಿಗೊಮ್ಮೆ ರಕ್ತ ತೆಗೆಯುವುದು, ನಡುವೆ ಯಾರಿಗಾದರೂ ತೊಂದರೆಯಾದರೆ ಫೋನ್ ಎತ್ತುವುದು ಭವ್ಯಶ್ರೀಯ ಪಾಲಿನ ಕೆಲಸ.

ಅವಳು ಒಪ್ಪಿಸಲು ಹೋದ ದಿನ ಕಾಂತಮ್ಮ ಎಂದಿನಂತೆ ಬಾಗಿಲಲ್ಲೇ ಒಂದು ಲೋಟ ನೀರು, ಒಂದು ಚೂರು ಬೆಲ್ಲ ಕೈಗಿಟ್ಟರು. ಆ ಮನೆಗೆ ಯಾರೇ ಬರಲಿ, ತೋಟದ ಲೈನ್ ಮನೆಯ ಕೂಲಿಯೇ ಬರಲಿ, ತಹಸೀಲ್ದಾರರೇ ಬರಲಿ, ಕಾಂತಮ್ಮನ ಕೈಯಿಂದ ನೀರು ಕುಡಿದ ಮೇಲೆಯೇ ಮಾತು.

"ಮಾವ, ಕುಡೀದೆ ಇರೋರಿಗೂ ಬರ್ತದೆ ಇದು. ನಿಮಗೆ ಶುಗರ್ ಇದೆಯಲ್ಲ, ಅದರಿಂದ. ನೀವು ಸೇರ್ಕೊಳಿ, ನಾನೇ ನೋಡ್ಕೋತೀನಿ."

"ಹಿತ್ಲಲ್ಲಿ ನೆಲನೆಲ್ಲಿ ರಾಶಿ ಬೆಳ್ದೈತೆ ಕಣಮ್ಮ. ಅದ್ನೇ ಅರೆದು ಕುಡುದ್ರೆ ಆಗಕಿಲ್ವಾ?"

"ಹಿತ್ತಲ ಗಿಡ ಮದ್ದಲ್ಲ ಅಂತ ದೊಡ್ಡೋರೇ ಹೇಳಿಲ್ವಾ ಮಾವ?"

ನಂಜಪ್ಪನವರು ಬಿದ್ದು ಬಿದ್ದು ನಕ್ಕು, ಕನ್ನಡಕ ಹಾಕಿಕೊಂಡು, ಸಹಿ ಮಾಡಿದರು. ಮಾತ್ರೆಯೇ ಲಿವರಿಗೆ ಪೆಟ್ಟು ಕೊಡುವ ಸಾಧ್ಯತೆಯೂ ಉಂಟೆಂಬುದನ್ನು ಭವ್ಯಶ್ರೀ ಮುಚ್ಚಿಡಲಿಲ್ಲ. ಮೈ ತುರಿಕೆ ಬಂದರೆ, ಊಟ ಸೇರದಿದ್ದರೆ, ಕಣ್ಣು ಹಳದಿಯಾದರೆ, ಎಲ್ಲಕ್ಕಿಂತ ಮೊದಲು ಒಂದಕ್ಕೆ ಹೋದಾಗ ಬಣ್ಣ ಕಡುವಾದರೆ, ಮಾತ್ರೆ ನಿಲ್ಲಿಸಿ ತಕ್ಷಣ ಫೋನ್ ಮಾಡಬೇಕು ಎಂದು ಬಿಡಿಸಿ ಹೇಳಿದಳು. ನಂಜಪ್ಪನವರು ಅರ್ಧ ಕೇಳಿಸಿಕೊಂಡರು. ಕಾಂತಮ್ಮ ಪೂರ್ತಿ ಕೇಳಿಸಿಕೊಂಡು, ಮಗ್ಗಿ ಒಪ್ಪಿಸಿದಂತೆ ತಿರುಗಿ ಒಪ್ಪಿಸಿದರು.

ಮೊದಲ ತಿಂಗಳುಗಳು ಚೆನ್ನಾಗಿಯೇ ಕಳೆದವು. ಪ್ರತಿಸಲದ ರಕ್ತವೂ ಬೆಂಗಳೂರಿನ ಒಂದೇ ಲ್ಯಾಬಿಗೆ ಹೋಗಬೇಕು, ಎಲ್ಲ ಊರಿನವರ ರಕ್ತಕ್ಕೂ ಒಂದೇ ಅಳತೆಯಿರಲಿ ಎಂಬುದು ಅಧ್ಯಯನದ ಕಟ್ಟಳೆ. ಜುಲೈ ಕೊನೆಯಲ್ಲಿ ತೆಗೆದ ರಕ್ತ ಮಾತ್ರ ಹೋಗಲಿಲ್ಲ. ರಸ್ತೆಯ ಮೇಲೆ ಗುಡ್ಡ ಜರಿದು ಕೊರಿಯರ್ ಗಾಡಿ ಬರಲಿಲ್ಲ. ಭವ್ಯಶ್ರೀ ಶೀಶೆಗಳಿಗೆ ಹೆಸರು ಅಂಟಿಸಿ ಡೀಪ್ ಫ್ರೀಜರಿನಲ್ಲಿಟ್ಟು, ದಾರಿ ಬಿಟ್ಟ ಮೇಲೆ ಕಳಿಸಿದರಾಯಿತು ಎಂದುಕೊಂಡಳು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಅಷ್ಟರಲ್ಲಿ ಆಟಿ ತಿಂಗಳ ಹದಿನೆಂಟು ಬಂತು. ಮಳೆಗಾಲದ ಆ ತಿಂಗಳನ್ನು ಕೊಡವರು ಕಕ್ಕಡ ಎನ್ನುತ್ತಾರೆ, ಗೌಡರು ಆಟಿ ಎನ್ನುತ್ತಾರೆ. ಹೆಸರು ಯಾವುದಾದರೂ ಆ ದಿನ ಕೊಡಗಿನಲ್ಲಿ ಮದ್ದು ಸೊಪ್ಪು ಬೇಯದ ಒಲೆಯಿಲ್ಲ. ಹದಿನೆಂಟು ಬಗೆಯ ಔಷಧ ಅಂದು ಆ ಗಿಡದೊಳಗೆ ಬಂದು ಕೂರುತ್ತದೆಂದು ನಂಬಿಕೆ. ಬೇಯಿಸಿದ ನೀರು ನೇರಳೆಗೆ ತಿರುಗುತ್ತದೆ, ಅದರಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ತಿಂದವರಿಗೆಲ್ಲ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಬಣ್ಣ ಬಂದರೆ ಮದ್ದು ಮೈಗೆ ಹತ್ತಿತೆಂದು ಅರ್ಥ, ಬಾರದವನನ್ನು ಮನೆಯವರೆಲ್ಲ ಗೇಲಿ ಮಾಡುತ್ತಾರೆ. ಕಾಂತಮ್ಮನ ಹಿತ್ತಲ ಬೇಲಿಯುದ್ದಕ್ಕೂ ಅವರ ಅತ್ತೆ ನೆಟ್ಟ ಮದ್ದು ಸೊಪ್ಪು. ತಮ್ಮ ಮನೆಗೆ ಸಾಕಾಗಿ ಉಳಿದದ್ದರಲ್ಲಿ ಒಂದು ಕಟ್ಟು ಕಟ್ಟಿ ಬಸ್ಸಿನಲ್ಲಿ ಭವ್ಯಶ್ರೀಗೂ ಕಳಿಸಿದ್ದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಫೋನ್ ಬಡಿದುಕೊಂಡಿತು.

"ಭವ್ಯಾ, ನಿಮ್ಮ ಮಾವಂಗೆ ಒಂದಕ್ಕೆ ಕಡು ಬಣ್ಣದಲ್ಲಿ ಹೋಗ್ತಾ ಐತಂತೆ ಕಣವ್ವ. ನೀನು ಹೇಳಿದ್ಯಲ್ಲ, ಅದ್ಕೆ ಮಾಡ್ದೆ."

ಭವ್ಯಶ್ರೀಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅತ್ತೆ, ನೀವೇ ಸೊಪ್ಪು ತಿನ್ಸಿ ನೀವೇ ಹೆದರ್ತೀರಲ್ಲ! ನನಗೂ ಹಾಗೇ ಹೋಗ್ತಿದೆ ಇವತ್ತು. ಇಡೀ ಕೊಡಗಿಗೇ ಹೋಗ್ತಿದೆ."

ಆ ಕಡೆಯಿಂದ ಕಾಂತಮ್ಮನೂ ನಕ್ಕರು. ಫೋನ್ ಇಟ್ಟಾಯಿತು.

ಬೇರೆ ಊರಿಂದ ಬಂದ ನರ್ಸ್ ಒಬ್ಬಳು ಆ ಕುರ್ಚಿಯಲ್ಲಿದ್ದಿದ್ದರೆ ಹೌಹಾರಿ, ಈಗಿಂದೀಗ ಕರೆದುಕೊಂಡು ಬನ್ನಿ ಎನ್ನುತ್ತಿದ್ದಳು. ಭವ್ಯಶ್ರೀಗೆ ತನ್ನ ಊರು ಗೊತ್ತಿತ್ತು, ಊರಿನ ಹಬ್ಬ ಗೊತ್ತಿತ್ತು, ಆ ಬಣ್ಣವೂ ಗೊತ್ತಿತ್ತು. ಅದೇ ಮುಳುವಾಯಿತು. ಕೆಂಪೋ ಕಂದೋ ಎಂದು ಕೇಳಲಿಲ್ಲ, ಯಾವತ್ತಿನಿಂದ ಎಂದು ಕೇಳಲಿಲ್ಲ. ಕೇಳಲೇಬೇಕಾದ ಆ ಎರಡು ಮಾತನ್ನು ಅವಳೇ ಎಷ್ಟೋ ಜನಕ್ಕೆ ಪಾಠ ಮಾಡಿದ್ದಳು.

ಕಾಂತಮ್ಮ ಮತ್ತೆ ಫೋನ್ ಮಾಡಲಿಲ್ಲ. ಗಂಡನಿಗೆ ಇಷ್ಟವೆಂದು ಆ ವಾರದಲ್ಲಿ ಇನ್ನೆರಡು ಸಲ ಪಾಯಸ ಮಾಡಿದ್ದರು, ಬಣ್ಣ ಹಾಗೇ ಉಳಿದದ್ದು ಅವರಿಗೆ ಸಹಜವೆನಿಸಿತು. ಊಟ ಸೇರದ್ದು ಮಳೆಗಾಲದ ಅಜೀರ್ಣ, ಹಗಲಲ್ಲೂ ನಿದ್ದೆ ಬಂದದ್ದು ಚಳಿ ಎಂದುಕೊಂಡರು. ಕಣ್ಣು ಅರಿಶಿನದಂತಾದಾಗ ಕೀರ್ತಿಕುಮಾರ್ ಅಪ್ಪನನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದ.

ಭವ್ಯಶ್ರೀ ಓಡಿ ಬಂದು ನೋಡಿದಳು. ಮಂಚದ ಪಕ್ಕ ತೂಗುಬಿಟ್ಟ ಮೂತ್ರದ ಚೀಲದಲ್ಲಿ ತುಂಬಿಕೊಳ್ಳುತ್ತಿದ್ದದ್ದು ಮದ್ದು ಸೊಪ್ಪಿನ ಕೆಂಪಲ್ಲ, ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣ. ನಂಜಪ್ಪನವರಿಗೆ ಆಗಲೇ ಬುದ್ಧಿಗೆ ಮಂಕು ಕವಿದಿತ್ತು. ಅವಳ ಕೈ ಹಿಡಿದುಕೊಂಡು, "ಮೆಣಸು ಹಸಿ ಐತೆ ಕಣಯ್ಯ, ಇನ್ನೆರಡು ಬಿಸ್ಲು ಕಾಣಿಸ್ಕೊಂಡು ಬಾ," ಎಂದು ಯಾರೋ ಬೆಳೆಗಾರನಿಗೆ ಹೇಳುವಂತೆ ಹೇಳಿದರು. ಇಲ್ಲಿ ಆಗುವ ಕೆಲಸವಲ್ಲ, ಬೆಂಗಳೂರಿನಲ್ಲಿ ಬೇರೆ ಲಿವರ್ ಕೂರಿಸಬೇಕಾಗಬಹುದು ಎಂದರು ನಾಣಯ್ಯನವರು. ಕೀರ್ತಿಕುಮಾರ್ ತನ್ನದರಲ್ಲೇ ಒಂದು ಭಾಗ ತೆಗೆಯಿರಿ ಎಂದು ಹೇಳಿ ಆಂಬುಲೆನ್ಸ್ ಹತ್ತಿದ. ಕುಶಾಲನಗರ ದಾಟಿ ಸ್ವಲ್ಪ ದೂರ ಹೋಗಿದ್ದರು. ಅಲ್ಲಿಂದಲೇ ಗಾಡಿ ಹಿಂದಕ್ಕೆ ತಿರುಗಿತು.

ಮಣ್ಣಿಗೆ ಬಂದವರು ಎದುರಿಗೆ ಏನೂ ಅನ್ನಲಿಲ್ಲ. ಬೇಲಿಯಾಚೆ ಮಾತ್ರ, "ಕದ್ದು ಕುಡೀತಿದ್ನೇನೋ, ಯಾರಿಗ್ ಗೊತ್ತು," ಎಂಬ ಮಾತು ಭವ್ಯಶ್ರೀಯ ಕಿವಿಗೆ ಬಿತ್ತು. ನಾಲಗೆ ಸೀಳಿಬಿಡುವಷ್ಟು ಸಿಟ್ಟು ಬಂತು ಅವಳಿಗೆ. ಆದರೆ ಸಿಟ್ಟು ಮಾಡಲು ತನಗೆ ಯಾವ ಮುಖವಿದೆ ಎಂದು ತಲೆ ತಗ್ಗಿಸಿ ನಡೆದಳು.

ಶಿವಗಣಾರಾಧನೆಯ ದಿನ ಮಾತ್ರೆ ಕಂಪನಿಯ ಕಡೆಯಿಂದ ನವೀನ್‌ಕುಮಾರ್ ಎಂಬಾತ ಬಂದ. ಅಧ್ಯಯನದಲ್ಲಿದ್ದವರು ಸತ್ತರೆ ಕಾರಣ ವಿಚಾರಿಸಬೇಕಾದದ್ದು ಅವನ ಕೆಲಸ. ವಿನಯವಂತ. ಎಲ್ಲರ ಊಟ ಮುಗಿಯುವವರೆಗೆ ಕಾದು, ಕಾಂತಮ್ಮನ ಎದುರು ನೆಲದ ಮೇಲೆಯೇ ಕೂತ.

"ಅಮ್ಮ, ಕಾಯಿಲೆಗೆ ಮುಂಚೆ ನಾಟಿ ಔಷಧಿ ಏನಾದ್ರೂ ಕೊಟ್ಟಿದ್ರಾ?"

"ಏನೂ ಇಲ್ಲಪ್ಪ. ಆಟಿ ಪಾಯಸ ಮಾಡಿದ್ದೆ. ಊರೋರೆಲ್ಲ ತಿಂದವ್ರೆ ಅದ."

"ಒಂದೇ ಸಲಾನಾ?"

"ಇಷ್ಟ ಅಂತ ಆಮೇಲೂ ಮಾಡ್ಕೊಟ್ಟೆ."

ಅವನು ತಲೆಯಾಡಿಸಿದ. "ಕೆಲವರ ಮೈಗೆ ಸೊಪ್ಪು ಸದೆ ಆಗಿಬರಲ್ಲ ಅಮ್ಮ. ನೀವೇನು ಬೇಕು ಅಂತ ಮಾಡಿದ್ದಲ್ಲವಲ್ಲ. ಮನಸ್ಸಿಗೆ ಹಚ್ಕೋಬೇಡಿ."

ಸಮಾಧಾನ ಹೇಳುವ ದನಿಯಲ್ಲೇ ಅವನು ಆ ಹೆಂಗಸಿನ ಕೊರಳಿಗೆ ಕಲ್ಲು ಕಟ್ಟಿದ. ಎಂಜಲೆಲೆ ಎತ್ತುತ್ತಿದ್ದ ಭವ್ಯಶ್ರೀ ಕಂಬದ ಬಳಿ ನಿಂತು ಎಲ್ಲ ಕೇಳಿಸಿಕೊಂಡಳು. ಎಲೆಗಳನ್ನು ಹಿತ್ತಲಿಗೆ ಒಯ್ದು ಸುರಿದಳು.

ಮತ್ತೆ ಅವಳು ಆ ಮನೆಗೆ ಹೋದಾಗ ಕಾಂತಮ್ಮ ಹಿತ್ತಲಲ್ಲಿದ್ದರು. ಬೇಲಿಯುದ್ದದ ಮದ್ದು ಸೊಪ್ಪನ್ನೆಲ್ಲ ಬೇರುಸಹಿತ ಕಿತ್ತು ರಾಶಿ ಹಾಕಿದ್ದರು. ಬೆರಳ ಸಂದಿಯೆಲ್ಲ ಕೆಸರು, ಒಂದು ಉಗುರು ಕಿತ್ತು ರಕ್ತ ಬರುತ್ತಿತ್ತು.

"ಶುಗರ್ ಐತೆ ಅಂತ ಬೆಲ್ಲ ಕಮ್ಮಿ ಹಾಕಿದ್ದೆ ಭವ್ಯಾ," ಎಂದರು ತಲೆಯೆತ್ತದೆ. "ಬೆಲ್ಲದ ಯೋಚ್ನೆ ಮಾಡ್ದೆ ನೋಡು ನಾನು. ವಿಷ ಹಾಕಿ, ಬೆಲ್ಲ ಕಮ್ಮಿ ಮಾಡ್ದೆ."

"ಅತ್ತೆ, ನಾವೆಲ್ಲ ತಿಂದಿಲ್ವಾ ಅದನ್ನ?"

"ನೀವೆಲ್ಲ ಬದುಕಿದ್ದೀರಲ್ಲ."

ಅಂದು ಬಸ್ಸಿನಲ್ಲಿ ಹಿಂತಿರುಗುವಾಗಲೇ ಅವಳಿಗೆ ಫ್ರೀಜರಿನ ಶೀಶೆ ನೆನಪಾದದ್ದು. ದಾರಿ ತೆರೆದ ಮೇಲೆ ಬೇರೆಯವರ ರಕ್ತವೆಲ್ಲ ಹೋಗಿತ್ತು. ನಂಜಪ್ಪನವರದನ್ನು ಮಾತ್ರ, ಸತ್ತವರ ರಕ್ತ ಇನ್ನೇಕೆಂದು ಯಾರೋ ಪಕ್ಕಕ್ಕೆ ಸರಿಸಿದ್ದರು. ಅದು ಆಟಿಗೆ ಮುಂಚೆ ತೆಗೆದ ರಕ್ತ. ಸೊಪ್ಪು ಆಗಿನ್ನೂ ಬೇಲಿಯಲ್ಲೇ ಇತ್ತು. ನಾಣಯ್ಯನವರ ಒಪ್ಪಿಗೆ ಪಡೆದು ಅವಳೇ ಅದನ್ನು ಮಂಜುಗಡ್ಡೆಯಲ್ಲಿಟ್ಟು ಕಳಿಸಿದಳು. ಫಲಿತಾಂಶ ಬಂತು. ಜಖಂಗೊಂಡ ಲಿವರಿನಿಂದ ರಕ್ತಕ್ಕೆ ಸೋರುವ ಕಿಣ್ವಗಳು ಆಗಲೇ ಇರಬೇಕಾದದ್ದಕ್ಕಿಂತ ಹತ್ತಾರು ಪಟ್ಟು ಏರಿದ್ದವು. ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟಿನ ಸಂಕೇತ ಬಿಡಿಸಿ ನೋಡಿದಾಗ ನಂಜಪ್ಪನವರ ಪಾಲಿಗೆ ಬಂದದ್ದು ನಿಜವಾದ ಮಾತ್ರೆಯೇ.

ನಾಣಯ್ಯನವರು ವರದಿಯನ್ನು ಮಡಚಿಟ್ಟರು. "ಇಷ್ಟು ಸಾಕು ಭವ್ಯಶ್ರೀ. ಸೊಪ್ಪಿನ ಕತೆ ಇಲ್ಲಿಗೆ ಮುಗೀತು. ಫೋನ್ ಬಂದ ವಿಷಯ ಎತ್ತಬೇಡ. ನಿನ್ನ ಕೆಲಸ ಹೋಗ್ತದೆ."

"ಎತ್ತದಿದ್ರೆ, ಮನೆಯವರು ತಿಳಿಸಲೇ ಇಲ್ಲ, ಅವರದೇ ತಪ್ಪು ಅಂತಾರೆ ಸರ್. ಅತ್ತೆ ತಿಳಿಸಿದ್ರು. ನಾನು ನಕ್ಕೆ."

ಅವಳು ಎಲ್ಲವನ್ನೂ ಹೇಳಿದಳು. ಕೆಲಸ ಹೋಯಿತು. ಎಲ್ಲ ಊರುಗಳಲ್ಲೂ ಆ ಮಾತ್ರೆ ನಿಂತಿತು. ಅದೇ ಮಾತ್ರೆ ನುಂಗುತ್ತಿದ್ದ ಶ್ರೀಮಂಗಲದ ಉತ್ತಯ್ಯ ಎಂಬವರ ರಕ್ತದಲ್ಲೂ ಅದೇ ಏರಿಕೆ ಕಂಡಿತ್ತು, ಮಾತ್ರೆ ನಿಂತದ್ದೇ ಅವರ ಲಿವರ್ ಮೆಲ್ಲಗೆ ಸುಧಾರಿಸಿತು. ಭವ್ಯಶ್ರೀಗೆ ಅದರಿಂದ ನೆಮ್ಮದಿಯಾಗಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಗಂಡನನ್ನು ತನ್ನ ಕೈಯಾರೆ ಕೊಂದೆ ಎಂಬ ಮಾತು ಕಾಂತಮ್ಮನ ಬಾಯಿಂದ ಹೋಗಬೇಕು. ತನ್ನ ಮುಖಕ್ಕೆ ಉಗಿದರೂ ಸರಿ ಎಂದುಕೊಂಡು ಮಾದಾಪುರದ ಬಸ್ ಹತ್ತಿದಳು.

ಮಧ್ಯಾಹ್ನ. ಕಾಂತಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಭವ್ಯಶ್ರೀ ಕೆಳಗಿನ ಮೆಟ್ಟಿಲಲ್ಲಿ ಕೂತು ಹೇಳಿದಳು. ಪಾಯಸ ಮಾಡುವ ಮೊದಲೇ ಲಿವರ್ ಕೆಟ್ಟಿತ್ತು, ಕೆಡಿಸಿದ್ದು ಮಾತ್ರೆ, ಸೊಪ್ಪಲ್ಲ. ನೀವು ಫೋನ್ ಮಾಡಿದ ದಿನವೇ ನಿಲ್ಲಿಸಿದ್ದರೆ ಮಾವ ಉಳಿಯುತ್ತಿದ್ದರೋ ಏನೋ. ನಿಲ್ಲಿಸಿ ಎನ್ನಬೇಕಾದವಳು ನಾನು. "ನಿಮ್ಮದೇನೂ ತಪ್ಪಿಲ್ಲ ಅತ್ತೆ. ತಪ್ಪೆಲ್ಲ ನಂದು. ಬೈರಿ ನನ್ನ."

ಕಾಂತಮ್ಮ ಬೈಯಲಿಲ್ಲ. ಬರಿದಾದ ಬೇಲಿಯ ಕಡೆಗೊಮ್ಮೆ ನೋಡಿದರು.

"ಹಂಗಾರೆ ಪಾಯಸ ಅಲ್ಲ."

"ಅಲ್ಲ ಅತ್ತೆ."

"ಮಾತ್ರೆ."

"ಹೌದು."

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವತ್ತು ಬೆಳಿಗ್ಗೆ ನಿಮ್ಮ ಮಾವ ಮಾತ್ರೆ ಅಂಗೈಯಾಗೆ ಹಿಡ್ಕೊಂಡು ಕೂತಿದ್ರು ಕಣೆ. ಬಣ್ಣ ನೋಡಿ ಅವ್ರಿಗೇ ಭಯ ಆಗಿತ್ತು. ಭವ್ಯಾನ ಕೇಳು, ಅಲ್ಲಿಗಂಟ ನುಂಗಕಿಲ್ಲ ಅಂದ್ರು. ನಿನ್ ಹತ್ರ ಮಾತಾಡಿ ಬಂದು, ಅವ್ಳು ನಗಾಡ್ತಾಳೆ, ನೀವೊಬ್ರು ಅಂಜುಬುರುಕ್ರು ಅಂದೆ. ಆಗ್ಲೂ ಹಿಂದ್ಮುಂದ್ ನೋಡ್ತಿದ್ರು."

ಕಾಂತಮ್ಮ ತಮ್ಮ ಅಂಗೈಯನ್ನು ನೋಡಿಕೊಂಡರು.

"ನಾನೇ ನೀರು ತಂದ್ಕೊಟ್ಟು ನುಂಗಿಸ್ದೆ. ಅವತ್ತು. ಮಾರ್ನೆ ದಿನ. ದಿನಾಲೂ."

ಹೊರಿಸಿದ ಕಲ್ಲನ್ನು ಇಳಿಸಲು ಬಂದವಳು ಇನ್ನೊಂದು ಕಲ್ಲನ್ನು ಎತ್ತಿ ಕೊಟ್ಟಿದ್ದಳು. ಇದು ಸುಳ್ಳೆಂದು ತೋರಿಸಲು ಯಾವ ಶೀಶೆಯೂ ಯಾವ ಫ್ರೀಜರಿನಲ್ಲೂ ಇರಲಿಲ್ಲ. ಅತ್ತೆ ಎಂದು ಕರೆಯಲು ಹೋದರೆ ಅವಳ ಗಂಟಲು ಒಣಗಿ ಕೆಮ್ಮು ಬಂತು, ಕೆಮ್ಮಿನ ಜೊತೆಗೆ ಅಳುವೂ ಬಂತು.

ಕಾಂತಮ್ಮ ಅಭ್ಯಾಸಬಲದಿಂದ ಎದ್ದು ಒಳಗೆ ನಾಲ್ಕು ಹೆಜ್ಜೆ ಇಟ್ಟವರು, ನೀರಿನ ಬಿಂದಿಗೆಯ ಹತ್ತಿರ ಹೋಗಿ ನಿಂತುಬಿಟ್ಟರು. ಲೋಟವನ್ನು ಮುಟ್ಟಲಿಲ್ಲ.

"ನೀರು ಇಲ್ಲೈತೆ ಭವ್ಯಾ," ಎಂದರು ಬೆನ್ನು ತಿರುಗಿಸಿಕೊಂಡೇ. "ಬೇಕಾದ್ರೆ ನೀನೇ ಬಗ್ಗಿಸ್ಕೊಂಡು ಕುಡಿ. ನಾನಿನ್ನು ಯಾರ ಕೈಗೂ ಕೊಡಕಿಲ್ಲ."