ಕಬ್ಬಿಲ್ಲದ ಸಿಹಿ

ನನ್ನ ಗಂಡನ ಹೆಸರು ಪರಪ್ಪ. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಹಾಗಾದರೆ ಶುಗರ್ ಇರುವ ಗಂಡಸು ಕದ್ದು ಕದ್ದು ಬೆಲ್ಲ ತಿಂದು ಕಳೆದುಕೊಳ್ಳುವ ಆಯುಷ್ಯದ ಲೆಕ್ಕ ಯಾರ ತಲೆಗೆ? ಅದನ್ನು ಅವರು ಹೇಳಿ ಹೋಗಲಿಲ್ಲ.

ಗೋಕಾಕದ ಪೇಟೆಯಲ್ಲಿ ನಮ್ಮದು ಬೆಲ್ಲದ ಅಂಗಡಿ. ಮೂಡಲಗಿ ಕಡೆಯ ಗಾಣಗಳಿಂದ ಬೆಲ್ಲದ ಪೆಂಟೆ ಬಂದ ಕೂಡಲೇ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟು ದರ ಹೇಳುವುದು ನಮ್ಮವರ ಕೆಲಸ. ಇವರ ನಾಲಿಗೆ ಹೇಳಿದ್ದೇ ಪೇಟೆಗೆ ವೇದ. ಆ ನಾಲಿಗೆಯೇ ಇವರ ಎಡಗಾಲಿಗೆ ಮುಳುವಾಯಿತು. ಹೆಬ್ಬೆರಳಿನ ತುದಿ ಕಪ್ಪಾಗಿದ್ದನ್ನು ನೋಡಿ ಡಾಕ್ಟರು, "ಸಿಹಿ ಬಿಡದಿದ್ದರೆ ಇವತ್ತು ಬೆರಳು, ನಾಳೆ ಕಾಲು" ಎಂದರು. ಬೆಲ್ಲದ ರುಚಿ ನೋಡಿ ಉಗುಳಲಿ ಎಂದು ಅಂಗಡಿಯಲ್ಲಿ ಒಂದು ತಗಡಿನ ಡಬ್ಬಿ ಇಟ್ಟೆ. ಸಂಜೆ ನೋಡಿದರೆ ಡಬ್ಬಿ ಒಣಗಿಕೊಂಡೇ ಇರುತ್ತಿತ್ತು.

ನಮ್ಮ ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ಹುಡುಗಿ ನಂದಿನಿ, ಅಂಕಲಗಿಯವಳು. ಯಮಕನಮರಡಿ ಹತ್ತಿರ ಹೈವೇ ಬಾಜೂ ಹೊಸದಾಗಿ ಬಂದ ಕಂಪನಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಏನು ಮಾಡುತ್ತೀರಿ ಎಂದು ಒಂದು ದಿನ ಕೇಳಿದೆ.

"ಆಫ್ರಿಕಾದಾಗ ಒಂದ್ ಹಣ್ಣ ಐತ್ರಿ ಕಾಕು, ಭಾಳ ಸಿಹಿ. ಆ ಸಿಹಿ ಮಾಡೋ ಗುಣಾನ ಬ್ರೆಡ್ ಉಬ್ಬಿಸೋ ಈಸ್ಟಿಗೆ ಕೂಡಿಸೇವ್ರಿ. ಈಗ ಈಸ್ಟ ಟಾಕಿಯೊಳಗ ಕುಂತು ಅದನ್ನ ಮಾಡಿ ಕೊಡತೈತಿ. ಸಕ್ಕರಿ ಅಲ್ರಿ ಅದು, ಶುಗರ್ ಏರಂಗಿಲ್ಲ."

ದೋಸೆ ಹಿಟ್ಟು ಉಬ್ಬುವುದನ್ನು ಕಂಡವಳು ನಾನು, ನಂಬಿದೆ. ರುಚಿ ನೋಡಲು ಹಂಚುವ ಪುಡಿಯ ಪೊಟ್ಟಣ ಒಂದನ್ನು ಇಸಿದುಕೊಂಡು ಡಾಕ್ಟರಿಗೂ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ಓದಿ, ಕೊಡಬಹುದು ಎಂದರು.

ಗಂಡನಿಗೆ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಅದೇ ವಾರ ಮೇಲವಂಕಿಯ ಈಶ್ವರ, ಕಬ್ಬು ಬೆಳೆಗಾರರ ಮುಂದಾಳು, ನಮ್ಮ ಕಟ್ಟೆಯ ಮೇಲೆ ಕುಳಿತು ಆ ಕಂಪನಿಗೆ ಬೀಗ ಹಾಕಿಸುವ ಮಾತಾಡುತ್ತಿದ್ದ. ನಮ್ಮವರು ಅವನಿಗಿಂತ ಜೋರು. "ಕಬ್ಬಿಲ್ಲದ ಸಿಹಿ ಅಂದ್ರ ಅವ್ವ ಇಲ್ಲದ ಕೂಸ ಇದ್ದಂಗ!" ಎಂದು ಗುಡುಗುತ್ತಿದ್ದರು.

ಅಕ್ಕಿಕಾಳಿನಷ್ಟು ಸಾಕು ಎಂದು ನಂದಿನಿ ಹೇಳಿದ್ದಳು. ಬೆಲ್ಲ ಕುಟ್ಟಿ ಹಾಕಿ ರೂಢಿಯಾದ ಕೈ ಕೇಳಬೇಕಲ್ಲ! ಮೊದಲ ದಿನವೇ ಚಹಾಕ್ಕೆ ಅರ್ಧ ಚಮಚ ಸುರಿದೆ. ಅವರು ಕಣ್ಣರಳಿಸಿ ಕುಡಿದರು. ಮಧ್ಯಾಹ್ನ ರೊಟ್ಟಿಗೆ ಕೆಂಪು ಮೆಣಸಿನಕಾಯಿ ರಂಜಕ ಹಚ್ಚಿಕೊಂಡವರು ತುತ್ತು ಕೈಯಲ್ಲೇ ಹಿಡಿದು ಕೂತರು.

"ರಂಜಕಕ್ಕೂ ಬೆಲ್ಲ ಹಾಕೀ ಏನ?"

"ನಿಮ್ಮ ಬಾಯಾಗ ಬೆಲ್ಲ ಬಿಟ್ರ ಬ್ಯಾರೆ ಏನ್ ಐತ್ರಿ?" ಎಂದು ಬಾಯಿ ಮುಚ್ಚಿಸಿದೆ. ಸಂಜೆ ನೀರೂ ಸಿಹಿಯಂತೆ, ಎಲೆಯಡಿಕೆಯೂ ಸಿಹಿಯಂತೆ.

ಮರುದಿನದಿಂದ ಕೈ ಬಿಗಿ ಹಿಡಿದೆ. ದಿನಾ ಎರಡು ಹೊತ್ತು ಸಿಹಿ ಚಹಾ. ಆಶ್ಚರ್ಯವೆಂದರೆ ಅಂಗಡಿಯ ಡಬ್ಬಿ ಒದ್ದೆಯಾಗತೊಡಗಿತು. ದಿನ ಕಳೆದಂತೆ ಶುಗರ್ ಇಳಿಯಿತು, ಬೆರಳಿಗೆ ಬಣ್ಣ ಬಂತು. ನಾನು ದೇವರ ಮುಂದೆ ಅತ್ತೇಬಿಟ್ಟೆ.

ಅಷ್ಟರಲ್ಲಿ ಕಬ್ಬು ಬೆಳೆಗಾರರ ಮುತ್ತಿಗೆಯ ದಿನ ಬಂತು. ಟ್ರ್ಯಾಕ್ಟರ್ ಕಟ್ಟಿಕೊಂಡು ಹುಕ್ಕೇರಿಯವರು, ಮೂಡಲಗಿಯವರು ಎಲ್ಲ ಕಂಪನಿಯ ಗೇಟಿನ ಮುಂದೆ ಕೂಡಿದರು. ನಾನೂ ಹೋದೆ. ಇವರಿಗೆ ಮಾತ್ರೆ ಕೊಡುವವರು ಯಾರು? ಗದ್ದಲ ಜೋರಾದಾಗ ಗೇಟಿನ ಒಳಗಿಂದ ನಂದಿನಿ ಎರಡು ಸ್ಟೀಲ್ ವಾಟಿ ಚಹಾ ಹಿಡಿದು ಬಂದಳು. ಒಂದರಲ್ಲಿ ಬೆಲ್ಲ, ಇನ್ನೊಂದರಲ್ಲಿ ಕಂಪನಿಯ ಪುಡಿ, ಯಾವುದು ಯಾವುದೆಂದು ಹೇಳಿ ನೋಡೋಣ ಎಂದಳು.

ಈಶ್ವರ ಕುಣಿದಾಡಿಬಿಟ್ಟ. "ನಮ್ಮ ಪರಪ್ಪ ಕಾಕಾ ಕುಡಿದು ಹೇಳ್ತಾರ! ಬೆಲ್ಲ ಯಾವುದಂತ ಹಿಡಿದ್ರ ಇವತ್ತ ಗೇಟಿಗೆ ಬೀಗ. ಹಿಡೀಲಿಲ್ಲ ಅಂದ್ರ ನಾವು ಎದ್ದ ಹೋಗ್ತೇವಿ!"

ಇವರು ಸೋತರೆ ಪೇಟೆಯಲ್ಲಿ ಮರ್ಯಾದೆ ಹೋಗುತ್ತದೆ. ಗೆದ್ದರೆ ಪೊಟ್ಟಣ ಬಂದ್, ಮತ್ತೆ ಕದ್ದ ಬೆಲ್ಲ, ಮತ್ತೆ ಆ ಕಪ್ಪು ಬೆರಳು. ಹೋಗಲಿ ಮರ್ಯಾದೆ, ಸೋಲಲಿ ಶಿವನೇ ಎಂದು ಬೇಡಿಕೊಂಡೆ. ಕಟ್ಟಿಕೊಂಡ ಗಂಡ ಸೋಲಲಿ ಎಂದು ಬೇಡಿದ ಹೆಂಗಸು ಗೋಕಾಕದಲ್ಲಿ ನಾನೊಬ್ಬಳೇ ಇರಬೇಕು.

ಇವರು ಒಂದು ಗುಟುಕು ಕುಡಿದರು. ನೀರು ಮುಕ್ಕಳಿಸಿ ಇನ್ನೊಂದರಲ್ಲಿ ಒಂದು ಗುಟುಕು. ಕಣ್ಣು ಮುಚ್ಚಿ ನಿಂತರು. ಆಮೇಲೆ ಬಲಗೈಯ ವಾಟಿ ಎತ್ತಿ ಹಿಡಿದು, "ಇದು ಬೆಲ್ಲ. ಅಪ್ಪಟ ಮೂಡಲಗಿ ಬೆಲ್ಲ!" ಎಂದರು.

ಇವರು ಎತ್ತಿದ ವಾಟಿಯ ತಳವನ್ನು ನಂದಿನಿ ಎಲ್ಲರಿಗೂ ತೋರಿಸಿದಳು. ಕೆಂಪು ಬೊಟ್ಟು. ಅದು ಕಂಪನಿಯ ಪುಡಿ.

ಹೋ ಎಂದು ನಗೆ ಎದ್ದಿತು. ಈಶ್ವರ ತಲೆ ಕೆರೆದುಕೊಂಡು ನಿಂತ. ಆಡಿದ ಮಾತು ನುಂಗಲಾಗದೆ ನಂದಿನಿಯನ್ನು ಕೇಳಿದ, "ಅಲ್ಲವಾ ತಂಗಿ, ಆ ನಿಮ್ಮ ಈಸ್ಟ ಏನ್ ತಿಂತಾವು?"

"ಕಬ್ಬಿನ ಹಾಲ ಕಾಸಿದ ಕಾಕಂಬಿ ರೀ ಅಣ್ಣಾರ."

"ಹಾಂ? ತಿಂಗಳಿಗೆ ಎಷ್ಟ್ ಟನ್ ತಿಂತಾವು?"

ಬೀಗ ಹಾಕಲು ಬಂದವರು ದರ ಕೇಳುತ್ತಾ ಗೇಟಿನ ಒಳಗೆ ಹೋದರು.

ಬಸ್ಸಿನಲ್ಲಿ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಪಾಪ ಅನ್ನಿಸಿತು. "ಹೋಗ್ಲಿ ಬಿಡ್ರಿ, ನಾಲಿಗಿಗೂ ವಯಸ್ಸಾಗತೈತಿ" ಎಂದೆ.

"ನನ್ನ ನಾಲಿಗಿಗೆ ಏನೂ ಆಗಿಲ್ಲ" ಎಂದರು. "ಬೆಲ್ಲದ ಸಿಹಿ ನಾಲಿಗಿಗೆ ಬರತೈತಿ, ಹೋಗತೈತಿ. ಆ ಪುಡಿ ಬೀಗರಿದ್ದಂಗ, ಬಂತಂದ್ರ ಎದ್ದ ಹೋಗಂಗಿಲ್ಲ. ರಂಜಕದ ದಿನಾನ ನನಗ ಗೊತ್ತಾತು, ನೀ ಏನೋ ಹಾಕಾಕತ್ತೀ ಅಂತ."

"ಮತ್ತ ಮಂದಿ ಮುಂದ ಯಾಕ್ ಸೋತ್ರಿ?"

"ಗೇಟಿಗೆ ಬೀಗ ಬಿದ್ರ ನನ್ನ ಚಾದ ಗತಿ ಏನ?"

ನನಗೆ ನಂಬಿಕೆ ಬರಲಿಲ್ಲ. ಇವರು ವ್ಯಾಪಾರಸ್ಥರು, ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಮರುದಿನ ಬೆಳಿಗ್ಗೆ ಎರಡು ಕಪ್ ಚಹಾ ಮಾಡಿದೆ. ಒಂದಕ್ಕೆ ಪುಡಿ. ಇನ್ನೊಂದಕ್ಕೆ ಅಂಗಡಿಯ ಒಳ್ಳೆಯ ಪೆಂಟೆಯಿಂದ ಮುರಿದ ಬೆಲ್ಲ. ಏನೂ ಹೇಳದೆ ಎರಡನ್ನೂ ಇವರ ಮುಂದಿಟ್ಟೆ.

ಇವರು ಒಂದರ ರುಚಿ ನೋಡಿದರು. ಇನ್ನೊಂದರದು ನೋಡಿ, ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಕೂತರು. ಹಬ್ಬಕ್ಕೆ ತವರಿಗೆ ಬಂದ ಮಗಳನ್ನು ನೋಡಿದಂತಿತ್ತು ಆ ಮುಖ. ಆಮೇಲೆ ಎದ್ದು ಹೋಗಿ ಅಂಗಳದಲ್ಲಿ ಉಗುಳಿ ಬಂದರು. ಆ ಕಪ್ಪನ್ನು ನನ್ನ ಕಡೆ ಸರಿಸಿದರು.

"ಇದು ನಿಂದು. ನೀ ಕುಡಿ."

ಬೆಲ್ಲದ ಚಹಾ ಅದು. ಒಂದು ಗುಟುಕು ಕುಡಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಯಾಕ, ಏನಾತು?" ಎಂದರು.

"ಏನಿಲ್ರಿ, ಒಲಿ ಹೊಗಿ."

"ಗ್ಯಾಸಿನ ಒಲಿದೇನ?" ಎಂದು ಕೇಳಿ, ತಮ್ಮ ಚಹಾ ಕುಡಿದರು.